ಜಲವರ್ಣದಲ್ಲಿ ಸಡಿಲವಾದ ಸ್ಟಿಲ್ ಲೈಫ್: ಹಿತ್ತಾಳೆ ಚೊಂಬಿನ ಅಂಚನ್ನು ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು?

ಕಡಲತಡಿ:

ಎಲ್ಲರಿಗೂ ನಮಸ್ಕಾರ. ಕಳೆದ ಒಂದು ತಿಂಗಳಿನಿಂದ ನಾನು ಒಂದೇ ಸ್ಟಿಲ್ ಲೈಫ್ (ವಸ್ತುಚಿತ್ರ) ಜೋಡಣೆಯನ್ನು ಜಲವರ್ಣದಲ್ಲಿ ಮತ್ತೆ ಮತ್ತೆ ಬಿಡಿಸುತ್ತಿದ್ದೇನೆ. ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ ಅಜ್ಜಿಯ ಕಾಲದ ಹಿತ್ತಾಳೆ ಚೊಂಬು, ಎರಡು ಮಟ್ಟುಗುಳ್ಳ (ಉಡುಪಿ ಕಡೆಯ ದುಂಡನೆಯ ಹಸಿರು ಬದನೆ), ಹೋಳು ಮಾಡಿದ ಒಂದು ನಿಂಬೆಹಣ್ಣು, ಬಾಳೆನಾರಿನಲ್ಲಿ ಕಟ್ಟಿದ ಒಂದು ಚೆಂಡು ಮಲ್ಲಿಗೆ, ಇವೆಲ್ಲದರ ಅಡಿಗೆ ಕೆಂಪು ಅಂಚಿನ ಬಿಳಿ ಪಂಚೆ. ಎಡಗಡೆ ಪೂರ್ವದ ಕಿಟಕಿಯಿದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಕದ) ಕೋಲ್ಡ್ ಪ್ರೆಸ್ (ತುಸು ತರಿತರಿಯಾದ) ಕಾಗದವನ್ನು 11×15 ಇಂಚಿಗೆ ಕತ್ತರಿಸಿಕೊಂಡು ಈವರೆಗೆ ಮೂರು ಚಿತ್ರಗಳನ್ನು ಮುಗಿಸಿದ್ದೇನೆ.

ನನಗೆ ಬೇಕಾಗಿರುವುದು ಇಂಪ್ರೆಷನಿಸ್ಟರ ರೀತಿಯ ಸಡಿಲವಾದ ಚಿತ್ರ. ನೋಡಿದ ಕೂಡಲೇ ಬೆಳಗಿನ ಬೆಳಕು, ಹಿತ್ತಾಳೆಯ ಹೊಳಪು, ಹೂವಿನ ತಂಪು ಮನಸ್ಸಿಗೆ ತಟ್ಟಬೇಕು. ಚೊಂಬಿನ ಗೆರೆಗಳನ್ನೆಲ್ಲ ಎಣಿಸಿ ಬರೆದಂತೆ ಕಾಣಬಾರದು. ಆದರೆ ಮೊದಲನೆಯ ಚಿತ್ರದಲ್ಲಿ ಪ್ರತಿಯೊಂದು ವಸ್ತುವೂ ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಹಾಗೆ ಬಂತು. ಎರಡನೆಯದರಲ್ಲಿ, ಸಡಿಲವಾಗಲಿ ಎಂದು ಹಾಳೆಯನ್ನು ಪೂರ್ತಿ ಒದ್ದೆ ಮಾಡಿ ಬೇಗ ಬೇಗನೆ ಬಣ್ಣ ಬಿಟ್ಟೆ. ಚೊಂಬು ಯಾವುದು, ಗುಳ್ಳ ಯಾವುದು ಎಂದು ಗುರುತಿಸಲಾಗದಂತೆ ಎಲ್ಲವೂ ಹರಿದುಕೊಂಡು, ಒಣಗಿದ ಮೇಲೆ ಮಂಕಾಗಿ ಕುಳಿತಿತು. ಮೂರನೆಯದರಲ್ಲಿ ಎರಡರ ನಡುವಿನ ದಾರಿ ಹಿಡಿಯಲು ಹೋದಾಗ, ಅರ್ಧ ಒಣಗಿದ್ದ ಗುಳ್ಳದ ಮೇಲೆ ಹೂಕೋಸಿನಂಥ ಕಲೆ ಎದ್ದಿತು. ಮೂರನ್ನೂ ಇಲ್ಲಿ ಹಾಕಿದ್ದೇನೆ. ಅಂಚುಗಳ ವಿಷಯದಲ್ಲಿ ನಾನು ಎಲ್ಲಿ ತಪ್ಪುತ್ತಿದ್ದೇನೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಧಾರವಾಡದ ಡ್ರಾಯಿಂಗ್ ಮೇಷ್ಟ್ರು:

ಕಡಲತಡಿ ಅವರೇ, ಮೂರೂ ಚಿತ್ರಗಳನ್ನು ನಿಧಾನವಾಗಿ ನೋಡಿದೆ. ನೀವು ಶಾಲೆಯಲ್ಲಿದ್ದಾಗ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳನ್ನು ಕಟ್ಟಿದ್ದಿರಬೇಕು ಎಂದು ಮೊದಲನೆಯ ಚಿತ್ರ ಹೇಳುತ್ತದೆ. ಆ ಪರೀಕ್ಷೆಗಳ ವಸ್ತುಚಿತ್ರದಲ್ಲಿ ಬಕೆಟ್ಟು, ಚೊಂಬು, ಬದನೆಕಾಯಿಗಳನ್ನು ಮೊದಲು ಗೆರೆಯಲ್ಲಿ ಮುಚ್ಚಿ, ಆಮೇಲೆ ಗೆರೆಯೊಳಗೆ ಶೇಡ್ ತುಂಬುವುದನ್ನು ನಾವೇ ಕಲಿಸಿದ್ದೇವೆ. ಆ ಶಿಸ್ತಿನ ಬಗ್ಗೆ ನನಗೆ ಈಗಲೂ ಗೌರವವಿದೆ. ಅದರಿಂದ ಕಣ್ಣು ಅಳತೆ ಮಾಡುವುದನ್ನು ಕಲಿಯುತ್ತದೆ. ಆದರೆ ಗೆರೆ ಎಂದರೆ ಬೇಲಿ, ಬಣ್ಣ ಅದನ್ನು ದಾಟಬಾರದು ಎಂಬ ಭಯವೂ ಅದರ ಜೊತೆಗೇ ಕೈಗೆ ಹತ್ತಿಕೊಳ್ಳುತ್ತದೆ, ನಲವತ್ತು ವರ್ಷವಾದರೂ ಬಿಡುವುದಿಲ್ಲ.

ಹಾಗೆಂದು ಪೆನ್ಸಿಲ್ಲನ್ನೇ ಬಿಡಿ ಎಂದು ನಾನು ಹೇಳುವವನಲ್ಲ. ಸಡಿಲವಾಗಿ ಬರೆಯಬೇಕಾದ ಚಿತ್ರಕ್ಕೇ ಗಟ್ಟಿಯಾದ ಡ್ರಾಯಿಂಗ್ ಹೆಚ್ಚು ಬೇಕು. ನಿಮ್ಮ ಎರಡನೆಯ ಚಿತ್ರ ಕೆಟ್ಟಿರುವುದು ನೀರಿನಿಂದಲ್ಲ, ಚೊಂಬಿನ ಬಾಯಿಯ ದೀರ್ಘವೃತ್ತ ಎಡಕ್ಕೆ ವಾಲಿರುವುದರಿಂದ. ಬಾಯಿ ಒಂದು ಸರಿಯಾಗಿದ್ದರೆ ಹೊಟ್ಟೆಯ ಅರ್ಧ ಭಾಗ ಬಣ್ಣದಲ್ಲಿ ಕರಗಿ ಹೋದರೂ ನೋಡುವವರ ಕಣ್ಣು ಅದನ್ನು ತಾನೇ ತುಂಬಿಕೊಳ್ಳುತ್ತದೆ. ಆದ್ದರಿಂದ ಬಾಯಿ, ಕತ್ತು ಮತ್ತು ತಳ ಮೇಜಿಗೆ ತಾಗುವ ಬಿಂದು, ಈ ಮೂರನ್ನು ಅಳೆದು ಬರೆಯಿರಿ. ಗುಳ್ಳಗಳಿಗೆ ತೊಟ್ಟಿನ ದಿಕ್ಕೊಂದು ಸಾಕು. ಗೆರೆಯನ್ನು ಎಲ್ಲಿಯೂ ಸುತ್ತಿ ಮುಚ್ಚಬೇಡಿ.

ತಿಳಿನೀರು:

ಮೇಷ್ಟ್ರು ಡ್ರಾಯಿಂಗಿನ ಮಾತು ಹೇಳಿದ್ದಾರೆ, ನಾನು ನೆರಳಿನ ಮಾತು ಹೇಳುತ್ತೇನೆ, ಏಕೆಂದರೆ ಅಂಚಿನ ಪ್ರಶ್ನೆಗೆ ಉತ್ತರ ಇರುವುದು ಅಲ್ಲಿಯೇ ಎಂದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ಜೋಡಣೆಯ ಮುಂದೆ ಕುಳಿತು ಕಣ್ಣನ್ನು ಅರೆ ಮುಚ್ಚಿ ನೋಡಿ. ಚೊಂಬಿನ ಬಲಮೈ ಕಪ್ಪಾಗಿದೆ. ಅದಕ್ಕೆ ಒತ್ತಿಕೊಂಡಿರುವ ಗುಳ್ಳದ ಎಡಮೈಯೂ ಚೊಂಬಿನ ನೆರಳಿನಲ್ಲಿ ಸಿಕ್ಕಿ ಕಪ್ಪಾಗಿದೆ. ಎರಡರ ನೆರಳೂ ಪಂಚೆಯ ಮೇಲೆ ಬಿದ್ದು ಒಂದಾಗಿ ಬಲಕ್ಕೆ ಹರಿದಿದೆ. ಕಣ್ಣು ತೆರೆದಾಗ ಅವು ಮೂರು ಬೇರೆ ಬೇರೆ ವಸ್ತುಗಳು, ಏಕೆಂದರೆ ಅವುಗಳ ಹೆಸರುಗಳು ನಮಗೆ ಗೊತ್ತು. ಕಣ್ಣು ಅರೆ ಮುಚ್ಚಿದಾಗ ಅದು ಒಂದೇ ಆಕಾರ. ಆ ಒಂದೇ ಆಕಾರವನ್ನು ಒಂದೇ ಓಟದಲ್ಲಿ, ಕುಂಚ ಎತ್ತದೆ ಬರೆಯಬೇಕು. ಚೊಂಬಿನ ಭಾಗದಲ್ಲಿ ಕುಂಚಕ್ಕೆ ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾ ಹೆಚ್ಚಾಗಿರಲಿ, ಗುಳ್ಳದ ಹತ್ತಿರ ಬಂದಾಗ ಅದೇ ಒದ್ದೆಗೆ ಹಸಿರು ಸೇರಿಸಿ, ಪಂಚೆಯ ಮೇಲೆ ಇಳಿಯುವಾಗ ಅಲ್ಟ್ರಾಮರೀನ್ ನೀಲಿ ಸೇರಿಸಿ. ಬಣ್ಣ ಬದಲಾಗುತ್ತಾ ಹೋಗಲಿ, ಕಪ್ಪಿನ ಪ್ರಮಾಣ ಮಾತ್ರ ಹೆಚ್ಚು ಕಡಿಮೆ ಒಂದೇ ಇರಲಿ. ಆಗ ಚೊಂಬಿಗೂ ಗುಳ್ಳಕ್ಕೂ ನಡುವೆ ಅಂಚೇ ಇರುವುದಿಲ್ಲ, ಆದರೂ ಅವು ಎರಡು ವಸ್ತುಗಳೆಂದು ಎಡಗಡೆಯ ಬೆಳಕಿನ ಅಂಚು ಹೇಳುತ್ತದೆ.

ಹಾಗಾಗಿ ಕಪ್ಪಿನ ಪಕ್ಕ ಕಪ್ಪು, ಬಿಳುಪಿನ ಪಕ್ಕ ಬಿಳುಪು ಬರುವ ಕಡೆ ಅಂಚನ್ನು ಬಿಡಬೇಕು. ಬಿಳುಪು ಕಪ್ಪಿಗೆ ನೇರವಾಗಿ ಎದುರಾಗುವ ಕಡೆ ಹಿಡಿಯಬೇಕು. ನಿಮ್ಮ ಜೋಡಣೆಯಲ್ಲಿ ಅಂಥ ಗಟ್ಟಿ ಅಂಚಿಗೆ ಅರ್ಹವಾದ ಜಾಗಗಳು ಮೂರೋ ನಾಲ್ಕೋ ಇವೆ. ಚೊಂಬಿನ ಬಾಯಿಯ ಎಡ ತುದಿ, ನಿಂಬೆಯ ಹೋಳಿನ ಮೇಲಂಚು, ಮಲ್ಲಿಗೆಯ ಚೆಂಡು ಚೊಂಬಿನ ಕಪ್ಪಿನ ಮುಂದೆ ಬರುವ ಒಂದು ಬದಿ. ಮೊದಲನೆಯ ಚಿತ್ರದಲ್ಲಿ ನೀವು ಎಲ್ಲ ಕಡೆಯೂ ಹಿಡಿದಿದ್ದೀರಿ, ಎರಡನೆಯದರಲ್ಲಿ ಎಲ್ಲ ಕಡೆಯೂ ಬಿಟ್ಟಿದ್ದೀರಿ. ಎರಡರಲ್ಲಿಯೂ ಆಯ್ಕೆ ನಡೆದಿಲ್ಲ. ಸಡಿಲತನವೆಂದರೆ ವೇಗ ಎಂದು ಬಹಳ ಜನ ತಿಳಿದಿದ್ದಾರೆ. ನಾನು ಕುಂಚ ಹಿಡಿಯುವ ಮೊದಲು ಅರ್ಧ ಗಂಟೆ ಬರೀ ನೋಡುತ್ತಾ, ಎರಡು ಇಂಚಿನ ಚಿಕ್ಕ ಚೌಕಗಳಲ್ಲಿ ಪೆನ್ಸಿಲ್ಲಿನಿಂದ ಬಿಳಿ, ಬೂದು, ಕಪ್ಪು ಎಂದು ಮೂರೇ ಛಾಯೆಗಳಲ್ಲಿ ಬರೆದುಕೊಳ್ಳುತ್ತೇನೆ. ಬೂದು ಎಲ್ಲಿ ಸೇರಬೇಕು ಎಂಬುದು ಅಲ್ಲಿ ನಿರ್ಧಾರವಾದರೆ ದೊಡ್ಡ ಹಾಳೆಯ ಮೇಲೆ ಕೈ ಹೆದರುವುದಿಲ್ಲ.

ಹೂಕೋಸಿನ ಕಲೆಗೆ ಕಾರಣ ನೀರಿನ ಲೆಕ್ಕ. ಬಣ್ಣದ ಸಾಂದ್ರತೆಯನ್ನು ನಾನು ಅಡುಗೆಮನೆಯ ಭಾಷೆಯಲ್ಲಿ ನೆನಪಿಟ್ಟುಕೊಳ್ಳುತ್ತೇನೆ: ಸಾರಿನ ತಿಳಿ, ಹಾಲು, ಗಟ್ಟಿ ಮೊಸರು. ಹಾಳೆಯ ಮೇಲೆ ತಿಳಿ ಇದ್ದರೆ ಅದರೊಳಗೆ ಹಾಲಿನ ಹದದ ಬಣ್ಣ ಬಿಡಬಹುದು. ಹಾಲು ಇದ್ದರೆ ಮೊಸರಿನ ಹದದ್ದು. ಹಾಳೆ ಅರ್ಧ ಒಣಗಿದ ಮೇಲೆ ಅದಕ್ಕಿಂತ ತೆಳುವಾದ ಬಣ್ಣ ಅಥವಾ ಬರೀ ನೀರು ತಾಗಿದರೆ, ಆ ನೀರು ಒಣಗುತ್ತಿರುವ ಕಡೆಗೆ ನುಗ್ಗಿ, ಅಲ್ಲಿದ್ದ ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಹಲ್ಲುಹಲ್ಲಾದ ಅಂಚಿನಲ್ಲಿ ಬಿಡುತ್ತದೆ. ಹಾಳೆಯನ್ನು ಓರೆಯಾಗಿ ನೋಡಿ: ಕನ್ನಡಿಯಂತೆ ಮಿನುಗುತ್ತಿದ್ದರೆ ಬಣ್ಣ ಓಡುತ್ತದೆ, ರೇಷ್ಮೆಯ ಹೊಳಪಿಗೆ ಇಳಿದಿದ್ದರೆ ಮೃದುವಾಗಿ ಹರಡಿ ನಿಲ್ಲುತ್ತದೆ, ಹೊಳಪು ಸತ್ತು ಇನ್ನೂ ತಣ್ಣಗಿದ್ದರೆ ಕೈ ಕಟ್ಟಿ ಕುಳಿತುಕೊಳ್ಳಬೇಕು. ಕೈಯ ಹಿಂಬದಿಯನ್ನು ಹಾಳೆಗೆ ಮೆಲ್ಲನೆ ತಾಗಿಸಿದರೆ ತಂಪು ಗೊತ್ತಾಗುತ್ತದೆ.

ಬಿಳಿಹಾಳೆ:

ತಿಳಿನೀರು ಅವರ ನೆರಳಿನ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಮೇಷ್ಟ್ರ ಮಾತಿನಲ್ಲಿ ಒಂದು ಕಡೆ ನನಗೆ ಭಿನ್ನಾಭಿಪ್ರಾಯವಿದೆ. ಪೆನ್ಸಿಲ್ ಇದ್ದಷ್ಟೂ ಕೈ ಅದನ್ನು ಪಾಲಿಸಲು ಹೋಗುತ್ತದೆ. ಹತ್ತು ಸಲ ಬಿಡಿಸಿದ ಜೋಡಣೆಯನ್ನು ಹನ್ನೊಂದನೆಯ ಸಲ ಪೆನ್ಸಿಲ್ಲೇ ಇಲ್ಲದೆ ನೇರವಾಗಿ ಕುಂಚದಿಂದ ಆರಂಭಿಸಿ ನೋಡಬೇಕು. ಆಕಾರಗಳು ಆಗ ಗೆರೆಗಳಾಗಿ ಅಲ್ಲ, ಬಣ್ಣದ ತೇಪೆಗಳಾಗಿಯೇ ಕೈಗೆ ಬರುತ್ತವೆ.

ಮಲ್ಲಿಗೆಯ ಬಗ್ಗೆ ಯಾರೂ ಮಾತನಾಡಿಲ್ಲ. ಮೂರೂ ಚಿತ್ರಗಳಲ್ಲಿ ನೀವು ಒಂದೊಂದು ಮೊಗ್ಗನ್ನೂ ಬೂದು ಗೆರೆಯಿಂದ ಸುತ್ತಿದ್ದೀರಿ, ಅದರಿಂದ ಚೆಂಡು ಬೆಂಡಿನ ತುಂಡಿನಂತೆ ಕಾಣುತ್ತದೆ. ಜಲವರ್ಣದಲ್ಲಿ ಬಿಳಿ ಎಂದರೆ ಹಾಳೆಯೇ. ಚೆಂಡನ್ನು ಒಂದು ಇಡೀ ಬಿಳಿ ಆಕಾರವಾಗಿ ಬಿಟ್ಟು, ಅದರ ಹಿಂದಿನ ಕಪ್ಪನ್ನು ಬರೆಯುವಾಗ ಕುಂಚದ ತುದಿಯಿಂದ ಮೂರು ಕಡೆ ಮಾತ್ರ ಮೊಗ್ಗಿನ ಚೂಪನ್ನು ಕೆತ್ತಿ. ಒಳಗೆ ನೆರಳಿರುವ ಬದಿಗೆ ಬಹಳ ತೆಳುವಾದ ನೀಲಿ ಬೂದನ್ನು ಒಂದೇ ಸಲ ಎಳೆದು, ಅದು ಒದ್ದೆಯಿರುವಾಗಲೇ ತುಸು ತಿಳಿ ಹಳದಿ ಹಸಿರು ಬಿಡಿ. ಅಷ್ಟಕ್ಕೇ ನಿಲ್ಲಿಸಿ. ಮೂರು ಮೊಗ್ಗು ಕಂಡರೆ ಉಳಿದವನ್ನು ನೋಡುವವರು ಕಟ್ಟಿಕೊಳ್ಳುತ್ತಾರೆ. ಬಿಳಿ ಉಳಿಸಲು ಹಚ್ಚಿ ಆಮೇಲೆ ಕೀಳುವ ಮಾಸ್ಕಿಂಗ್ ಫ್ಲೂಯಿಡ್ ಬೇಡವೆಂದು ನನ್ನ ಸಲಹೆ. ಅದನ್ನು ಕಿತ್ತ ಮೇಲೆ ಉಳಿಯುವ ಬಿಳಿಯ ಅಂಚು ಎಲ್ಲ ಕಡೆಯೂ ಒಂದೇ ರೀತಿ ಚೂಪಾಗಿರುತ್ತದೆ. ಸಡಿಲವಾದ ಚಿತ್ರದಲ್ಲಿ ಅದು ಬೇರೆ ಊರಿನಿಂದ ಬಂದಂತೆ ಕಾಣುತ್ತದೆ.

ಇನ್ನೊಂದು ಚಿಕ್ಕ ಮಾತು. ಪಂಚೆಯ ಕೆಂಪು ಅಂಚಿಗೆ ಹಳೆಯ ಅಲಿಜರಿನ್ ಕ್ರಿಮ್ಸನ್ ಬಳಸಿದ್ದರೆ, ಅಂದರೆ ಟ್ಯೂಬಿನ ಮೇಲೆ ಪಿಆರ್ 83 ಎಂಬ ವರ್ಣದ್ರವ್ಯದ ಸಂಕೇತ ಇದ್ದರೆ, ಅದು ಬೆಳಕಿಗೆ ಮಾಸುತ್ತದೆ. ಪಿವಿ 19 ಎಂದು ಬರೆದಿರುವ ಕ್ವಿನಾಕ್ರಿಡೋನ್ ಗುಲಾಬಿ ಅಥವಾ ಕೆಂಪು ತೆಗೆದುಕೊಳ್ಳಿ.

ಹೊರನಾಡ ಕನ್ನಡಿಗ:

ಲಾಸ್ ಏಂಜಲೀಸಿನಿಂದ ಬರೆಯುತ್ತಿದ್ದೇನೆ. 2004ರ ಕೊನೆಯಲ್ಲಿ ಇಲ್ಲಿನ ಗೆಟ್ಟಿ ಮ್ಯೂಸಿಯಂನಲ್ಲಿ ಫ್ರೆಂಚ್ ಕಲಾವಿದ ಪಾಲ್ ಸೆಜಾನ್‌ನ ಜಲವರ್ಣದ ಸ್ಟಿಲ್ ಲೈಫ್‌ಗಳನ್ನೇ ಕುರಿತ ಒಂದು ಪ್ರದರ್ಶನ ನಡೆಯಿತು. ಆ ಮ್ಯೂಸಿಯಂನ ಸ್ವಂತ ಸಂಗ್ರಹದಲ್ಲಿರುವ, ನೀಲಿ ಪಾತ್ರೆಯೂ ಸೇಬುಗಳೂ ಬಿಳಿ ಹೂಜಿಯೂ ಇರುವ ದೊಡ್ಡ ಚಿತ್ರವನ್ನು ಅಲ್ಲಿ ಹತ್ತಿರದಿಂದ ನೋಡಿದೆ. ಅದು 1900ರಿಂದ 1906ರ ನಡುವಿನದು, ಅಂದರೆ ಅವನ ಕೊನೆಯ ವರ್ಷಗಳದು.

ನಾನು ಹೇಳಬೇಕೆಂದಿರುವುದು ಇಷ್ಟು. ಸಡಿಲವಾದ ಜಲವರ್ಣ ಎಂದರೆ ಒದ್ದೆಯ ಮೇಲೆ ಒದ್ದೆ ಹಾಕಿ ಹರಿಯಬಿಡುವುದು ಎಂಬ ಭಾವನೆ ಈ ಚರ್ಚೆಯಲ್ಲಿಯೂ ಅಲ್ಲಲ್ಲಿ ಕಾಣುತ್ತಿದೆ. ಸೆಜಾನ್ ಮಾಡಿದ್ದು ಹೆಚ್ಚು ಕಡಿಮೆ ಅದಕ್ಕೆ ವಿರುದ್ಧವಾದದ್ದು. 1904ರಲ್ಲಿ ದಕ್ಷಿಣ ಫ್ರಾನ್ಸಿನ ಎಕ್ಸ್ ಊರಿಗೆ ಹೋಗಿ ಅವನು ಕೆಲಸ ಮಾಡುವುದನ್ನು ಕಂಡಿದ್ದ ಎಮಿಲ್ ಬರ್ನಾರ್ ಎಂಬ ಕಿರಿಯ ಕಲಾವಿದ ಅದನ್ನು ಬರೆದಿಟ್ಟಿದ್ದಾನೆ: ಸೆಜಾನ್ ಮೊದಲು ನೆರಳಿನಲ್ಲಿ ಒಂದು ತೇಪೆಯಿಂದ ಆರಂಭಿಸುತ್ತಿದ್ದ, ಅದರ ಮೇಲೆ ಅದಕ್ಕಿಂತ ದೊಡ್ಡದಾದ ಎರಡನೆಯದು, ಮತ್ತೆ ಮೂರನೆಯದು, ಹೀಗೆ ತೆಳುಪರದೆಗಳಂಥ ಬಣ್ಣಗಳು ಒಂದರ ಮೇಲೊಂದು ಬಂದು ವಸ್ತುವಿಗೆ ಗಾತ್ರ ಕೊಡುತ್ತಿದ್ದವು. ಚಿತ್ರವನ್ನು ಹತ್ತಿರದಿಂದ ನೋಡಿದರೆ ಆ ಪದರಗಳು ಒಂದೊಂದಾಗಿ ಕಾಣುತ್ತವೆ. ಕೆಳಗಿನದು ಒಣಗಿದ ಮೇಲೆಯೇ ಮೇಲಿನದು ಬಂದಿದೆ. ಸೇಬಿನ ಹೊರಗೆರೆ ಒಂದಲ್ಲ. ಪೆನ್ಸಿಲ್ಲಿನಲ್ಲಿ, ನೀಲಿಯಲ್ಲಿ, ಹತ್ತಿರ ಹತ್ತಿರ ಮೂರು ನಾಲ್ಕು ಕಡೆ ಹುಡುಕುತ್ತಾ ಹೋಗಿದೆ, ನಡುವೆ ತುಂಡಾಗಿದೆ. ಬೆಳಕು ಬಿದ್ದ ತುದಿಯಲ್ಲಿ ಬಣ್ಣವೇ ಇಲ್ಲ, ಬರೀ ಹಾಳೆ. ಗೆರೆ ಮುಚ್ಚದೆ ಇರುವುದರಿಂದ, ಬಿಳುಪು ಉಸಿರಾಡುವುದರಿಂದ ಆ ಚಿತ್ರ ಸಡಿಲ, ನೀರು ಹರಿದದ್ದರಿಂದ ಅಲ್ಲ. ಮೇಷ್ಟ್ರ ಪೆನ್ಸಿಲ್ಲಿಗೂ ಬಿಳಿಹಾಳೆ ಅವರ ತೇಪೆಗೂ ಅಲ್ಲಿ ಒಟ್ಟಿಗೆ ಜಾಗವಿದೆ.

ಕಡಲತಡಿ:

ನೀವೆಲ್ಲರೂ ಇಷ್ಟು ವಿವರವಾಗಿ ಬರೆದದ್ದಕ್ಕೆ ಹೃತ್ಪೂರ್ವಕ ಕೃತಜ್ಞತೆಗಳು. ಮೇಷ್ಟ್ರೇ, ನಿಮ್ಮ ಊಹೆ ನಿಜ. ಎರಡೂ ಗ್ರೇಡ್ ಪರೀಕ್ಷೆಗಳನ್ನು ಕಟ್ಟಿದ್ದೆ.

ನಿನ್ನೆ ಬೆಳಿಗ್ಗೆ ಕುಂಚ ಮುಟ್ಟದೆ ಆರು ಚಿಕ್ಕ ಚೌಕಗಳನ್ನು ಬರೆದೆ. ಐದನೆಯದರಲ್ಲಿ ಒಂದು ಸಂಗತಿ ಕಂಡಿತು, ಅದು ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಚೊಂಬಿನ ಹೊಟ್ಟೆಯ ಕೆಳಭಾಗದಲ್ಲಿ, ನಾನು ಪ್ರತಿ ಸಲವೂ ಕಂದು ಶೇಡ್ ತುಂಬುತ್ತಿದ್ದ ಕಡೆ, ನಿಂಬೆಯ ಹೋಳಿನ ಹಳದಿ ಒಂದು ಬಾಗಿದ ಪಟ್ಟಿಯಾಗಿ ಮಲಗಿದೆ. ಅದರ ಕೆಳಗೆ ಪಂಚೆಯ ಬಿಳುಪು ಹಿತ್ತಾಳೆಯೊಳಗೆ ಬೆಚ್ಚಗಾಗಿ ತಿಳಿ ಕೇಸರಿಯಾಗಿದೆ. ಅದರ ಮೇಲೆ, ಒಂದು ಬೆರಳಿನ ಅಗಲದಲ್ಲಿ, ಚೊಂಬಿನ ಅತ್ಯಂತ ಕಪ್ಪಾದ ಪಟ್ಟಿ. ನೆರಳು ಅಂಚಿನಲ್ಲಿ ಅಲ್ಲ, ಒಳಗಿದೆ. ಅಂಚಿನ ಕಡೆ ಹೋಗುತ್ತಾ ಮತ್ತೆ ತಿಳಿಯಾಗಿದೆ. ಲೋಹ ಏಕೆ ಮಣ್ಣಿನ ಮಡಕೆಯಂತೆ ಬರುತ್ತಿತ್ತು ಎಂಬುದು ಆಗ ಅರ್ಥವಾಯಿತು.

ನಾಲ್ಕನೆಯ ಚಿತ್ರವನ್ನು ಇವತ್ತು ಆರಂಭಿಸಿದೆ, ಆದರೆ ಬೇರೊಂದು ತೊಂದರೆ ಎದುರಾಗಿದೆ. ಮೊದಲನೆಯ ವಾಶ್ (ತೆಳು ಬಣ್ಣದ ಹಾಸು) ಹಾಕಿದಾಗ ಆಕಾಶಕ್ಕೆ ಸಿಡುಬು ಎದ್ದಂತೆ ಹಿನ್ನೆಲೆಯ ತುಂಬ ಚಿಕ್ಕ ಚಿಕ್ಕ ಗಾಢ ಚುಕ್ಕೆಗಳು ಬಂದವು, ಬಣ್ಣ ಅಲ್ಲಿ ಬ್ಲಾಟಿಂಗ್ ಪೇಪರಿಗೆ ಹೀರಿದಂತೆ ಇಳಿದುಹೋಯಿತು. ಕಾಗದ ಕಳೆದ ಬೇಸಿಗೆಯಲ್ಲಿ ಕೊಂಡದ್ದು, ಆಗ ಚೆನ್ನಾಗಿಯೇ ಇತ್ತು.

ತಿಳಿನೀರು:

ಆ ಪಟ್ಟಿಯನ್ನು ನೀವಾಗಿಯೇ ಕಂಡಿರಿ ಎಂಬುದು ನನಗೆ ಬಹಳ ಸಂತೋಷದ ಸಂಗತಿ. ಹಿತ್ತಾಳೆಗೆ ಸ್ವಂತ ಬಣ್ಣಕ್ಕಿಂತ ನೆರೆಹೊರೆಯ ಬಣ್ಣವೇ ಹೆಚ್ಚು. ಮೊದಲು ಇಡೀ ಹೊಟ್ಟೆಗೆ ಹಳದಿಗಂದು ಬಣ್ಣದ ರಾ ಸಿಯೆನ್ನಾದ ತಿಳಿಯನ್ನು ಎಳೆಯಿರಿ, ಹೈಲೈಟಿನ ಜಾಗವನ್ನು ಒಣ ಹಾಳೆಯಾಗಿ ಬಿಡಿ. ಅದು ಒದ್ದೆಯಿರುವಾಗಲೇ ನಿಂಬೆಯ ಹಳದಿಯನ್ನು ಹಾಲಿನ ಹದದಲ್ಲಿ ಇಳಿಸಿ. ಪೂರ್ತಿ ಒಣಗಿದ ಮೇಲೆ ಆ ಕಪ್ಪು ಪಟ್ಟಿಯನ್ನು ಬರ್ನ್ಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಸೇರಿಸಿದ ಮೊಸರಿನ ಹದದಲ್ಲಿ, ಧೈರ್ಯವಾಗಿ, ಒಂದೇ ಎಳೆತದಲ್ಲಿ ಹಾಕಿ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಆದ್ದರಿಂದ ಒದ್ದೆಯಲ್ಲಿ ಸ್ವಲ್ಪ ಹೆಚ್ಚು ಕಪ್ಪಾಯಿತು ಅನ್ನಿಸಬೇಕು. ಲೋಹದ ಹೊಳಪು ಬರುವುದು ಹಳದಿಯಿಂದಲ್ಲ, ಬರಿ ಹಾಳೆಯ ಪಕ್ಕದಲ್ಲೇ ಅತಿ ಕಪ್ಪು ಬರುವುದರಿಂದ.

ಕುಂಚ ಯಾವುದು ಎಂದು ನೀವು ಹೇಳಿಲ್ಲ. ಈ ಅಳತೆಯ ಹಾಳೆಗೆ 12ನೆಯ ನಂಬರಿನ ದುಂಡು ಕುಂಚವೊಂದರಲ್ಲೇ ಮುಕ್ಕಾಲು ಕೆಲಸ ಮುಗಿಸಲು ಪ್ರಯತ್ನಿಸಿ. ಚಿಕ್ಕ ಕುಂಚ ಕೈಗೆ ಬಂದ ಕೂಡಲೇ ಕಣ್ಣು ಚಿಕ್ಕದನ್ನೇ ಹುಡುಕುತ್ತದೆ.

ಕಾಗದದ ಮಾತನ್ನು ಕರಾವಳಿಯವರೇ ಹೇಳಬೇಕು.

ಮಂಗಳೂರು ಮಳೆ:

ಕಡಲತಡಿ ಅವರೇ, ನಿಮ್ಮ ಕಾಗದದ ಸೈಜಿಂಗ್ ಹಾಳಾಗಿದೆ. ಜಲವರ್ಣದ ಕಾಗದ ಬಣ್ಣವನ್ನು ಮೇಲ್ಮೈಯಲ್ಲಿ ಹಿಡಿದಿಟ್ಟುಕೊಳ್ಳಲಿ ಎಂದು ತಯಾರಕರು ಅದಕ್ಕೆ ಜೆಲಟಿನ್ ಅಥವಾ ಅಂಥ ಬೇರೆ ಅಂಟನ್ನು ಕೊಟ್ಟಿರುತ್ತಾರೆ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಆ ಅಂಟಿನ ಮೇಲೆ ಬೂಷ್ಟು ಹಿಡಿಯುತ್ತದೆ, ಅಂಟು ಹೋದ ಚುಕ್ಕೆಗಳಲ್ಲಿ ಬಣ್ಣ ನೇರವಾಗಿ ನಾರಿಗೆ ಇಳಿಯುತ್ತದೆ. ಕಣ್ಣಿಗೆ ಹಾಳೆ ಹೊಸದರಂತೆಯೇ ಕಾಣುವುದರಿಂದ ವಾಶ್ ಹಾಕುವವರೆಗೆ ಗೊತ್ತಾಗುವುದಿಲ್ಲ. ನಾನು ಒಂದು ಮಳೆಗಾಲದಲ್ಲಿ ಹತ್ತು ಹಾಳೆಗಳನ್ನು ಹೀಗೆಯೇ ಕಳೆದುಕೊಂಡೆ. ಆಗ ಅನುಭವಿಸಿದ ದುಃಖ ಇನ್ನೂ ನೆನಪಿದೆ, ಏಕೆಂದರೆ ಪೂರ್ತಿ ಹತ್ತಿಯ ಕಾಗದ ಅಗ್ಗದ್ದಲ್ಲ.

ಈಗ ಹಾಳೆಗಳನ್ನು ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿ, ಹೊರಗಿನ ಗೋಡೆಗೆ ತಾಗದ ಕಪಾಟಿನಲ್ಲಿ ಇಡುತ್ತೇನೆ. ಮೇ ತಿಂಗಳಿನಲ್ಲಿಯೇ ಈ ಕೆಲಸ ಮುಗಿಸಬೇಕು. ಮಳೆ ಹಿಡಿದ ಮೇಲೆ ಮುಚ್ಚಿದರೆ ತೇವವನ್ನೂ ಒಳಗೇ ಮುಚ್ಚಿದಂತೆ. ಯಾವುದೇ ಹಾಳೆಯನ್ನು ಬಳಸುವ ಮೊದಲು ಒಂದು ಮೂಲೆಗೆ ತೆಳು ಬಣ್ಣ ಎಳೆದು ನೋಡುತ್ತೇನೆ. ಹಾಳಾದ ಹಾಳೆಗಳನ್ನು ಎಸೆಯಬೇಡಿ, ಗೌಶ್ (ಹಾಳೆ ಕಾಣದಂತೆ ಮುಚ್ಚುವ ಜಲವರ್ಣ) ಅಥವಾ ಪೇಸ್ಟಲ್ ಕೆಲಸಕ್ಕೆ ಬರುತ್ತವೆ.

ಇನ್ನು ಒಣಗುವ ವಿಷಯ. ಜುಲೈ ತಿಂಗಳಿನಲ್ಲಿ ನಮ್ಮಲ್ಲಿ ಒಂದು ವಾಶ್ ಒಣಗುವುದೆಂದರೆ ಬಹಳ ಹೊತ್ತು, ಆದ್ದರಿಂದ ಪದರಗಳ ಚಿತ್ರಕ್ಕಿಂತ ಒದ್ದೆಯ ಚಿತ್ರಕ್ಕೆ ಅದು ಒಳ್ಳೆಯ ಕಾಲ. ಹೇರ್ ಡ್ರೈಯರ್ ಬಳಸುವುದಾದರೆ ಹೊಳಪು ಹೋದ ಮೇಲೆ, ದೂರದಿಂದ ಬಳಸಿ. ನೀರು ನಿಂತಿರುವಾಗ ಗಾಳಿ ಬಿಟ್ಟರೆ ಬಣ್ಣವನ್ನೇ ತಳ್ಳಿಬಿಡುತ್ತದೆ.

ಕಲಬುರಗಿ ಬಿಸಿಲು:

ನಮ್ಮ ಕಡೆಯ ಕಷ್ಟ ಇದಕ್ಕೆ ವಿರುದ್ಧ. ಏಪ್ರಿಲ್ ತಿಂಗಳಿನಲ್ಲಿ ಕುಂಚ ನೀರಿಗೆ ಹೋಗಿ ಬರುವಷ್ಟರಲ್ಲಿ ಹಾಳೆ ಒಣಗಿ ಗಟ್ಟಿ ಅಂಚು ಕೂತಿರುತ್ತದೆ, ಚೊಂಬಿನಿಂದ ಗುಳ್ಳಕ್ಕೆ ಬಣ್ಣ ಹರಿಸುವ ಮಾತೇ ಇಲ್ಲ. ನಾನು ಅನುಸರಿಸುತ್ತಿರುವ ಉಪಾಯವನ್ನು ಹಂಚಿಕೊಳ್ಳುತ್ತೇನೆ. ಹಾಳೆಯ ಎರಡೂ ಮಗ್ಗುಲುಗಳನ್ನು ಚೆನ್ನಾಗಿ ನೆನೆಸಿ, ನೀರು ಹೀರದ ಅಕ್ರಿಲಿಕ್ ಹಲಗೆ ಅಥವಾ ಗಾಜಿನ ಮೇಲೆ ಗುಳ್ಳೆಯಿಲ್ಲದಂತೆ ಮಲಗಿಸಿದರೆ, ಕೆಳಗಿನ ತೇವ ಮೇಲಕ್ಕೆ ಬರುತ್ತಿರುವುದರಿಂದ ಕೆಲಸಕ್ಕೆ ಸಾಕಷ್ಟು ಹೊತ್ತು ಸಿಗುತ್ತದೆ. ಗಟ್ಟಿ ಅಂಚು ಬೇಕಾದ ಕಡೆ ಹಿಂಡಿದ ಬಟ್ಟೆಯಿಂದ ಒತ್ತಿ ಒಣಗಿಸಿಕೊಳ್ಳುತ್ತೇನೆ. ನೀರಿಗೆ ಎರಡು ಹನಿ ಗ್ಲಿಸರಿನ್ ಹಾಕಿದರೂ ಒಣಗುವುದು ತಡವಾಗುತ್ತದೆ. ಹೆಚ್ಚಾದರೆ ಚಿತ್ರ ಅಂಟಂಟಾಗಿ ಉಳಿಯುತ್ತದೆ. ಬೆಳಿಗ್ಗೆ ಏಳು ಗಂಟೆಯೊಳಗೆ ಮುಗಿಸುವುದು ಎಲ್ಲಕ್ಕಿಂತ ಉತ್ತಮ.

ಧಾರವಾಡದ ಡ್ರಾಯಿಂಗ್ ಮೇಷ್ಟ್ರು:

ಬೆಳಗಿನ ಮಾತು ಬಂದದ್ದರಿಂದ ಕಿಟಕಿಯ ಬಗ್ಗೆ ಒಂದು ಸಂಗತಿ ಹೇಳಬೇಕು. ಪೂರ್ವದ ಕಿಟಕಿಯ ಬಿಸಿಲು ಒಂದು ಗಂಟೆಯೊಳಗೆ ನೆರಳುಗಳನ್ನು ಎಳೆದುಕೊಂಡು ಹೋಗುತ್ತದೆ. ನೀವು ಆರಂಭದಲ್ಲಿ ಕಂಡ ಒಂದೇ ಆಕಾರದ ನೆರಳು ಕೊನೆಗೆ ಇರುವುದಿಲ್ಲ. ಯುರೋಪಿನ ಪುಸ್ತಕಗಳು ಉತ್ತರದ ಕಿಟಕಿಯನ್ನು ಹೇಳುತ್ತವೆ, ಏಕೆಂದರೆ ಅಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣದಲ್ಲಿರುತ್ತಾನೆ. ನಮ್ಮಲ್ಲಿ ಅದು ವರ್ಷಪೂರ್ತಿ ನಡೆಯುವುದಿಲ್ಲ. ಉಡುಪಿ, ಬೆಂಗಳೂರುಗಳು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮಳೆಗಾಲದ ಮೋಡ ಇಲ್ಲದ ದಿನ ಉತ್ತರದ ಕಿಟಕಿಯಲ್ಲಿಯೂ ಬಿಸಿಲು ಇಣುಕಬಹುದು. ಆದ್ದರಿಂದ ಕಿಟಕಿಯ ದಿಕ್ಕಿಗಿಂತ ಅದಕ್ಕೆ ಕಟ್ಟುವ ತೆಳು ಬಿಳಿ ಪರದೆಯೇ ನಮಗೆ ಹೆಚ್ಚು ಉಪಯುಕ್ತ. ಇಲ್ಲವೆಂದರೆ ಮೊದಲ ಹತ್ತು ನಿಮಿಷಗಳಲ್ಲಿ ನೆರಳಿನ ಆಕಾರವನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಆಮೇಲೆ ಸೂರ್ಯ ಏನು ಮಾಡಿದರೂ ಆ ಗುರುತನ್ನೇ ನಂಬಿ.

ಬಿಳಿಹಾಳೆ ಅವರ ಮಾತನ್ನೂ ಯೋಚಿಸಿದೆ. ಹತ್ತು ಸಲ ಬಿಡಿಸಿದ ಮೇಲೆ ಪೆನ್ಸಿಲ್ ಬಿಡಬಹುದು ಎಂದರೆ ನನಗೆ ಒಪ್ಪಿಗೆ. ಆ ಹತ್ತು ಸಲ ಮುಖ್ಯ. ಬೆಂಗಳೂರಿನಲ್ಲಿ ರುಮಾಲೆ ಚೆನ್ನಬಸವಯ್ಯನವರ (1910–1988) ಹೂಬಿಟ್ಟ ಮರಗಳ ಚಿತ್ರಗಳನ್ನು ನೋಡಿದವರಿಗೆ ಗೊತ್ತು, ಅಷ್ಟು ಮುಕ್ತವಾದ ಕುಂಚದ ಹಿಂದೆ ಅದೇ ಮರಗಳನ್ನು ವರ್ಷಗಟ್ಟಲೆ ನೋಡಿದ ಕಣ್ಣಿದೆ.

ತಿಳಿನೀರು:

ಬಿಳಿ ಗೌಶ್ ಬಳಸಬಹುದೇ ಎಂದು ಒಬ್ಬರು ಖಾಸಗಿಯಾಗಿ ಕೇಳಿದ್ದಾರೆ, ಇಲ್ಲಿಯೇ ಉತ್ತರಿಸುತ್ತೇನೆ. ಬಳಸಬಾರದೆಂಬ ಕಾನೂನೇನೂ ಇಲ್ಲ. ಜಾನ್ ಸಿಂಗರ್ ಸಾರ್ಜೆಂಟ್‌ನಂಥ (1856–1925) ಜಲವರ್ಣದ ದೊಡ್ಡ ಕಲಾವಿದ ಅಪಾರದರ್ಶಕ ಬಿಳಿಯನ್ನೂ ಮೇಣವನ್ನೂ ಸಂಕೋಚವಿಲ್ಲದೆ ಬಳಸಿದ್ದಾನೆ. ನನ್ನ ಮಟ್ಟಿಗೆ, ಕೊನೆಯಲ್ಲಿ ಚೊಂಬಿನ ಕತ್ತಿನ ಮೇಲೆ ಒಂದು ಕಿಡಿ ಕಳೆದುಹೋಗಿದ್ದರೆ ಅಷ್ಟಕ್ಕೆ ಬಳಸುತ್ತೇನೆ. ಮಲ್ಲಿಗೆಗೆ ಬಳಸುವುದಿಲ್ಲ, ಏಕೆಂದರೆ ಗೌಶಿನ ಬಿಳಿ ಸುಣ್ಣದಂತೆ ತಣ್ಣಗಿರುತ್ತದೆ, ಹಾಳೆಯ ಬಿಳಿಯ ಪಕ್ಕದಲ್ಲಿ ಬಂದರೆ ಎರಡೂ ಒಂದನ್ನೊಂದು ಕೆಡಿಸುತ್ತವೆ.

ಕಡಲತಡಿ:

ನಾಲ್ಕನೆಯ ಚಿತ್ರ ಮುಗಿದಿದೆ, ಹಾಕಿದ್ದೇನೆ. ಮೂಲೆಗೆ ಬಣ್ಣ ಎಳೆದು ನೋಡಿದಾಗ ಕಟ್ಟಿನಲ್ಲಿ ಉಳಿದಿದ್ದ ಐದು ಹಾಳೆಗಳಲ್ಲಿ ಎರಡು ಚೆನ್ನಾಗಿದ್ದವು. ಕಿಟಕಿಗೆ ಹಳೆಯ ಮಸ್ಲಿನ್ ಸೀರೆ ಕಟ್ಟಿದೆ. ಚೊಂಬಿನ ಬಾಯಿಯನ್ನು ಮೂರು ಸಲ ಅಳೆದು ಬರೆದೆ, ಉಳಿದ ಕಡೆ ಪೆನ್ಸಿಲ್ ಅಲ್ಲಲ್ಲಿ ಮಾತ್ರ ತಾಗಿದೆ.

ಮೊದಲು ರಾ ಸಿಯೆನ್ನಾದ ತಿಳಿ, ಅದರೊಳಗೆ ಹಳದಿ. ಗುಳ್ಳದ ತಿಳಿ ಹಸಿರು ಅದೇ ಒದ್ದೆಗೆ ತಾಗಿದಾಗ ಚೊಂಬಿನ ಅಂಚು ನನ್ನ ಕಣ್ಣ ಮುಂದೆಯೇ ಕರಗಿತು, ಕೈ ತಡೆಯಲು ಹೋಗಿತ್ತು, ತಡೆಯಲಿಲ್ಲ. ಗುಳ್ಳದ ಬಿಳಿ ಗೆರೆಗಳನ್ನು ಬರೆಯಲೇ ಇಲ್ಲ. ಒದ್ದೆಯ ಹಸಿರಿನ ಮೇಲೆ ಹಿಂಡಿದ ಕುಂಚದಿಂದ ಎರಡು ಕಡೆ ಬಣ್ಣ ಎತ್ತಿದೆ, ಅಷ್ಟಕ್ಕೇ ಅದು ಮಟ್ಟಿನ ಗುಳ್ಳವೇ ಎಂದು ನಮ್ಮ ಮನೆಯ ಕೆಲಸಕ್ಕೆ ಬರುವ ಅಕ್ಕ ಗುರುತಿಸಿದರು. ಒಣಗಿದ ಮೇಲೆ ಕಪ್ಪು ಪಟ್ಟಿಯನ್ನು ಒಂದೇ ಎಳೆತದಲ್ಲಿ ಹಾಕಿ, ಕುಂಚ ಎತ್ತದೆ ಗುಳ್ಳಕ್ಕೆ, ಅಲ್ಲಿಂದ ಪಂಚೆಗೆ ಇಳಿಸಿದೆ. ಹಿತ್ತಾಳೆ ಹೊಳೆಯಿತು.

ಬಲಗಡೆಯ ಎರಡನೆಯ ಗುಳ್ಳ ಮಾತ್ರ ಸರಿಯಾಗಿಲ್ಲ ಎಂದು ನನಗೆ ಅನ್ನಿಸುತ್ತಿದೆ. ಅದನ್ನು ಇನ್ನೊಂದು ಪದರ ಹಾಕಿ ಸರಿಪಡಿಸಬೇಕೇ?

ಬಿಳಿಹಾಳೆ:

ಮಲ್ಲಿಗೆ ಬಹಳ ಚೆನ್ನಾಗಿ ಬಂದಿದೆ. ಪಂಚೆಯ ಕಡೆಗೆ ಅಂಚೇ ಇಲ್ಲದೆ ಬಿಳಿ ಬಿಳಿಯಲ್ಲಿ ಸೇರಿರುವ ಜಾಗವನ್ನು ಮತ್ತೆ ಮತ್ತೆ ನೋಡಿದೆ. ಎರಡನೆಯ ಗುಳ್ಳಕ್ಕೆ ಪದರ ಬೇಡ. ಅದು ಬಣ್ಣದಿಂದ ಕೆಟ್ಟಿಲ್ಲ. ಸುತ್ತಲೂ ಒಂದೇ ಹದದ ಅಂಚು ಇರುವುದರಿಂದ ಅದು ಬೇರೆಯಾಗಿ ನಿಂತಿದೆ. ಅದರ ಬಲ ಕೆಳಗಿನ ಅಂಚಿನ ಮೇಲೆ, ನೆರಳು ಸೇರುವ ಕಡೆ, ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಕುಂಚವನ್ನು ಒಂದು ಇಂಚಿನಷ್ಟು ಉದ್ದ ಎರಡು ಸಲ ಆಡಿಸಿ, ಬಟ್ಟೆಯಿಂದ ಒಮ್ಮೆ ಒತ್ತಿ ತೆಗೆಯಿರಿ. ಅಲ್ಟ್ರಾಮರೀನ್ ಸುಲಭವಾಗಿ ಎದ್ದು ಬರುತ್ತದೆ. ಹಸಿರಿಗೆ ಥಾಲೋ ಎಂಬ ಗಾಢ ಬಣ್ಣ ಬಳಸಿದ್ದರೆ ಅದು ಹಾಳೆಗೆ ಕಚ್ಚಿಕೊಂಡಿರುತ್ತದೆ, ಆಗ ಉಜ್ಜಬೇಡಿ.

ಕಡಲತಡಿ:

ಥಾಲೋ ಅಲ್ಲ, ಸೆರುಲಿಯನ್ ನೀಲಿಗೆ ಲೆಮನ್ ಯೆಲ್ಲೋ ಸೇರಿಸಿದ್ದೆ. ನೀವು ಹೇಳಿದಂತೆ ಮಾಡಿದೆ. ಒಂದು ಇಂಚಿಗಿಂತ ಕಡಿಮೆಯೇ ತೆಗೆದೆ. ಗುಳ್ಳ ಈಗ ನೆರಳಿನ ಮೇಲೆ ಕುಳಿತಿದೆ. ಮಲ್ಲಿಗೆ ಮಧ್ಯಾಹ್ನಕ್ಕೇ ಕಂದಾಗತೊಡಗಿತ್ತು, ಅದನ್ನು ದೇವರಿಗೆ ಏರಿಸಿದೆ. ಚಿತ್ರವನ್ನು ಹಲಗೆಯಿಂದ ಇನ್ನೂ ಬಿಚ್ಚಿಲ್ಲ. ಉಳಿದಿರುವ ಒಂದು ಒಳ್ಳೆಯ ಹಾಳೆಯ ಮೇಲೆ, ಶನಿವಾರ ಬೆಳಿಗ್ಗೆ, ಪೆನ್ಸಿಲ್ಲಿಲ್ಲದೆ ನೇರವಾಗಿ ಕುಂಚದಿಂದ ಆರಂಭಿಸುತ್ತೇನೆ.